ಹುಡುಗನ ಹಲ್ಲು ತೋರಿಸೋಕೆ ಹೋಗಿ ನನ್ನ ದವಡೆ ಕೊಯ್ಸಿಕೊಂಡು ಬಂದೆ: ಡೆಂಟಲ್ ಕಾಲೇಜು ಆಸ್ಪತ್ರೆಗೆ ಐದಕ್ಕೆ ಮೂರೂವರೆ

ಮೊದಲೇ ಹೇಳಿಬಿಡುತ್ತೇನೆ, ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಬೈಯುವುದು ಸ್ವಲ್ಪ ಇದೆ, ಹೊಗಳುವುದು ಅದಕ್ಕಿಂತ ಜಾಸ್ತಿ ಇದೆ, ಎರಡೂ ಒಂದೇ ಬಿಲ್ಡಿಂಗಿಗೆ ಸೇರಿದ್ದು. ಬೆಂಗಳೂರಿನಲ್ಲಿ ಇರುವ ಅಷ್ಟೊಂದು ಡೆಂಟಲ್ ಕಾಲೇಜುಗಳಲ್ಲಿ ಒಂದು ಅಂತ ತಿಳ್ಕೊಳ್ಳಿ. ನಾವು ತಿಪಟೂರಿನವರು. ಒಂದು ವರ್ಷದಲ್ಲಿ ಒಂಬತ್ತು ಸಲ ರೈಲು ಹತ್ತಿ ಅಲ್ಲಿಗೆ ಹೋಗಿ ಬಂದಿದ್ದೇನೆ, ಅದರಲ್ಲಿ ಅರ್ಧ ನನ್ನ ಅಕ್ಕನ ಮಗನಿಗೆ, ಇನ್ನರ್ಧ ನನಗೆ. ನನಗೆ ಅಂತ ಒಂದು ಸಲವೂ ಹೋಗಬೇಕಾಗುತ್ತದೆ ಅಂತ ಮೊದಲ ದಿನ ಅಂದುಕೊಂಡಿರಲಿಲ್ಲ.

ಹುಡುಗನಿಗೆ ಹತ್ತು ವರ್ಷ. ಮೇಲಿನ ಮುಂದಿನ ಎರಡು ದೊಡ್ಡ ಹಲ್ಲುಗಳಲ್ಲಿ ಬಲಗಡೆಯದು ಏಳು ವರ್ಷಕ್ಕೇ ಬಂದಿತ್ತು. ಎಡಗಡೆ ಮಾತ್ರ ಹಾಲುಹಲ್ಲೇ ಗಟ್ಟಿಯಾಗಿ ಕೂತಿತ್ತು, ಅಲ್ಲಾಡುವುದೂ ಇಲ್ಲ, ಬೀಳುವುದೂ ಇಲ್ಲ. ನಮ್ಮಮ್ಮನಿಗೆ ಅದೇ ಚಿಂತೆ. ಬಿದ್ದ ಹಾಲುಹಲ್ಲನ್ನೆಲ್ಲ ಸಗಣಿಯಲ್ಲಿ ಇಟ್ಟು ಹೆಂಚಿನ ಮೇಲೆ ಎಸೆಯುವುದು ನಮ್ಮ ಮನೆಯ ಪದ್ಧತಿ, ಈ ಒಂದು ಹಲ್ಲಿನ ಲೆಕ್ಕ ಮಾತ್ರ ಬಾಕಿ ಉಳಿದಿತ್ತು. 'ಬರುತ್ತೆ ಬಿಡಿ, ಕೆಲವು ಮಕ್ಕಳಿಗೆ ತಡ' ಅಂತ ಎಲ್ಲರೂ ಹೇಳಿದರು. ಊರಿನ ಒಂದು ಕ್ಲಿನಿಕ್ಕಿನಲ್ಲೂ ಅದನ್ನೇ ಹೇಳಿದರು, ಎಕ್ಸ್‌ರೇ ತೆಗೆಯಲಿಲ್ಲ. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಒಂದು ಕಡೆಯ ಹಲ್ಲು ಬಂದು ಆರು ತಿಂಗಳಾದರೂ ಅದರ ಜೋಡಿ ಬರದಿದ್ದರೆ ಫಿಲಂ ತೆಗೆದು ನೋಡಬೇಕು. ನಾವು ಮೂರು ವರ್ಷ ಕಾದಿದ್ದೆವು!

ಈಗ ಆಸ್ಪತ್ರೆ. ಬೆಳಗಿನ ರೈಲಿಗೆ ಹೊರಟು ಯಶವಂತಪುರದಲ್ಲಿ ಇಳಿದು ಆಟೋ ಹಿಡಿದು ಹೋದರೆ ಒಂಬತ್ತೂವರೆಗೆ ಚೀಟಿ ಕೌಂಟರ್ ಮುಂದೆ ಇರುತ್ತೀರಿ. ಅಷ್ಟೊತ್ತಿಗೆ ನಿಮ್ಮ ಮುಂದೆ ನಲವತ್ತು ಜನ ಇರುತ್ತಾರೆ, ಅವರಲ್ಲಿ ಇಪ್ಪತ್ತು ಜನ ಹಲ್ಲುಸೆಟ್ ಕಟ್ಟಿಸಿಕೊಳ್ಳೋಕೆ ಬಂದ ಅಜ್ಜ ಅಜ್ಜಿಯರು. ಚೀಟಿ ಆದ ಮೇಲೆ ಮೊದಲ ಮಹಡಿಯ ಓರಲ್ ಮೆಡಿಸಿನ್ ವಿಭಾಗ. ಅಲ್ಲಿ ಹೌಸ್ ಸರ್ಜನ್ ಒಬ್ಬರು ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ಪಿಜಿ ಡಾಕ್ಟರ್, ಅಂದ್ರೆ ಡೆಂಟಲ್ ಮುಗಿಸಿ ಮುಂದಿನ ಡಿಗ್ರಿ ಓದುತ್ತಿರುವವರು, ಬಂದು ಅದನ್ನೇ ಕೇಳಿದರು. ಆಮೇಲೆ ಇನ್ನೊಬ್ಬ ಪಿಜಿ. ಕೊನೆಗೆ ಪ್ರೊಫೆಸರ್. 'ಶುಗರ್ ಇದೆಯಾ, ಬಿಪಿ ಇದೆಯಾ' ಅಂತ ಹತ್ತು ವರ್ಷದ ಹುಡುಗನನ್ನು ನಾಲ್ಕು ಸಲ ಕೇಳಿದ್ದಾಯಿತು. ಅವನು ನಾಲ್ಕನೇ ಸಲ ತಾನೇ ಎಲ್ಲ ಒಪ್ಪಿಸಿಬಿಟ್ಟ: 'ಶುಗರ್ ಇಲ್ಲ, ಬಿಪಿ ಇಲ್ಲ, ಅಲರ್ಜಿ ಇಲ್ಲ, ಮುಂದಿನ ಹಲ್ಲು ಇಲ್ಲ.'

ಓಪಿಜಿ ರೂಮು ಕೆಳಗೆ ನೆಲಮಹಡಿಯಲ್ಲಿ. ಇಡೀ ದವಡೆ ಒಂದೇ ಫಿಲಮ್ಮಿನಲ್ಲಿ ಬರುವ ಎಕ್ಸ್‌ರೇ ಅದು. ಪ್ಲಾಸ್ಟಿಕ್ ಕಡ್ಡಿ ಕಚ್ಚಿಕೊಂಡು, ಗಲ್ಲ ಒಂದು ಪಟ್ಟಿಯ ಮೇಲೆ ಇಟ್ಟು ನಿಂತರೆ ಮಿಷನ್ನು ತಲೆಯ ಸುತ್ತ ಅರ್ಧ ಸುತ್ತು ಬರುತ್ತದೆ, ಹದಿನೈದು ಸೆಕೆಂಡಿನ ಕೆಲಸ. ಓಲೆ, ಸರ, ಮೂಗುತಿ ಎಲ್ಲ ತೆಗೆಯಬೇಕು, ಇಲ್ಲದಿದ್ದರೆ ಅವುಗಳ ನೆರಳು ಹಲ್ಲಿನ ಮೇಲೆ ಬೀಳುತ್ತದೆ. ನಮ್ಮ ಮುಂದಿದ್ದ ಅಜ್ಜಿ ಮೂಗುತಿ ತೆಗೆಯೋಕೆ ಸುತಾರಾಂ ಒಪ್ಪಲಿಲ್ಲ. ಮದುವೆಯಾದಾಗಿಂದ ತೆಗೆದಿಲ್ಲವಂತೆ. ಆ ಮಾತುಕತೆಯಲ್ಲೇ ನಮ್ಮ ಅರ್ಧ ಗಂಟೆ ಹೋಯಿತು. ಇದಕ್ಕೆ ಸ್ಟಾರ್ ಕಡಿಮೆ ಮಾಡುವ ಹಾಗಿಲ್ಲ, ಅಲ್ವಾ?

ಫಿಲಂ ನೋಡಿದಾಗ ನನಗೂ ಗೊತ್ತಾಯಿತು ಏನೋ ಸರಿಯಿಲ್ಲ ಅಂತ. ಹಾಲುಹಲ್ಲಿನ ಬೇರಿನ ಹತ್ತಿರ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳ ಗುಂಪು, ಸುತ್ತ ತೆಳು ಕಪ್ಪು ಗೆರೆ, ಅದರ ಮೇಲೆ ನಿಜವಾದ ಹಲ್ಲು, ದಾರಿ ಇಲ್ಲದೆ ಮೂಗಿನ ಕಡೆಗೆ ಸರಿದು ನಿಂತಿತ್ತು. ಪಿಜಿ ಮೇಡಂ ಪೆನ್ನಿನ ತುದಿಯಿಂದ ತೋರಿಸಿ 'ಇದು ಓಡಾಂಟೋಮಾ' ಅಂದರು. ಹಲ್ಲು ಮಾಡುವ ಜೀವಕೋಶಗಳೇ ಲೆಕ್ಕ ತಪ್ಪಿ, ಒಂದು ಹಲ್ಲು ಮಾಡುವ ಜಾಗದ ಹತ್ತಿರ ಚೂರು ಚೂರು ಹಲ್ಲುಗಳನ್ನು ಮಾಡಿ ಗುಡ್ಡೆ ಹಾಕುತ್ತವೆ. ಇದರಲ್ಲಿ ಎರಡು ಜಾತಿ. ನಮ್ಮ ಹುಡುಗನದು ಕಾಂಪೌಂಡ್, ಅಂದ್ರೆ ಪುಟ್ಟ ಪುಟ್ಟ ಹಲ್ಲುಗಳ ಆಕಾರವೇ ಇರುವುದು, ಇದು ಹೆಚ್ಚಾಗಿ ಮೇಲಿನ ಮುಂಭಾಗದಲ್ಲಿ ಬರುತ್ತದೆ. ಇನ್ನೊಂದು ಕಾಂಪ್ಲೆಕ್ಸ್, ಅದಕ್ಕೆ ಹಲ್ಲಿನ ಆಕಾರ ಇರುವುದಿಲ್ಲ, ಸುಮ್ನೆ ಒಂದು ಗಟ್ಟಿ ಉಂಡೆ, ಅದು ದವಡೆಯ ಹಿಂಭಾಗದಲ್ಲಿ ಜಾಸ್ತಿ. ಗಡ್ಡೆ ಅನ್ನುವ ಲೆಕ್ಕದಲ್ಲೇ ಸೇರಿಸುತ್ತಾರೆ, ಆದರೆ ಕ್ಯಾನ್ಸರ್ ಅಲ್ಲ, ಹರಡುವುದಿಲ್ಲ, ತೆಗೆದರೆ ಮುಗಿಯಿತು. 'ಟ್ಯೂಮರ್' ಅನ್ನುವ ಪದ ಕಿವಿಗೆ ಬಿದ್ದ ತಕ್ಷಣ ಅಕ್ಕ ಬೆಂಚಿನ ಮೇಲೆ ಕೂತುಬಿಟ್ಟಳು. ಆ ಮೇಡಂ ಅವಳ ಪಕ್ಕದಲ್ಲೇ ಕೂತು, ಇನ್ನೊಂದು ಸಲ ಮೊದಲಿಂದ ಹೇಳಿದರು. ಮೊದಲ ಸ್ಟಾರ್ ಅಲ್ಲೇ ಕೊಟ್ಟೆ.

ಹುಡುಗನಿಗೆ ಮಾತ್ರ ಖುಷಿಯೋ ಖುಷಿ. 'ಎಷ್ಟು ಹಲ್ಲಿದೆ ಮೇಡಂ?' ಅಂತ ಕೇಳಿದ. ತೆಗೆದ ಮೇಲೆ ಎಣಿಸೋಣ ಅಂದರು. ಆಮೇಲೆ ಅವರೇ ಹೇಳಿದರು, 2019ರಲ್ಲಿ ಚೆನ್ನೈನ ಸವೀತಾ ಡೆಂಟಲ್ ಕಾಲೇಜಿನಲ್ಲಿ ಏಳು ವರ್ಷದ ಹುಡುಗನ ಕೆಳದವಡೆಯಿಂದ 526 ಪುಟ್ಟ ಹಲ್ಲುಗಳನ್ನು ತೆಗೆದರಂತೆ, ಒಂದು ಚೀಲದೊಳಗೆ ಎಲ್ಲ ತುಂಬಿಕೊಂಡಿದ್ದವು, ಚೀಲದ ತೂಕವೇ ಸುಮಾರು 200 ಗ್ರಾಂ. ಅದಕ್ಕೆ ಮೊದಲು 2014ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಹದಿನೇಳು ವರ್ಷದ ಹುಡುಗನಿಂದ 232 ತೆಗೆದಿದ್ದರು, ಅದೂ ಪೇಪರುಗಳಲ್ಲಿ ಬಂದಿತ್ತು. ಈ ಕಥೆ ಕೇಳಿದ್ದೇ ತಪ್ಪಾಯಿತು. ನಮ್ಮವನು ಮನೆಗೆ ಬಂದು ಬೀದಿಯವರಿಗೆಲ್ಲ ತನಗೆ ಐನೂರು ಹಲ್ಲಿದೆ ಅಂತ ಹೇಳಿಕೊಂಡು ತಿರುಗಿದ.

ಇನ್ನು ನನ್ನ ಕಥೆ. ಅವನ ಫೈಲ್ ಯಾವುದೋ ಟೇಬಲ್ಲಿನಿಂದ ಯಾವುದೋ ಟೇಬಲ್ಲಿಗೆ ಹೋಗುವಾಗ ಮಧ್ಯೆ ಕಾಣೆಯಾಗಿತ್ತು. ಹುಡುಕುತ್ತಿದ್ದರು. ನಾನು ಖಾಲಿ ಚೇರಿನ ಪಕ್ಕ ನಿಂತಿದ್ದೆ. ಅದೇ ಮೇಡಂಗೆ ಸುಮ್ನೆ ಕೇಳಿದೆ, ಕೆಳಗೆ ಬಲಗಡೆ ಕೊನೆಯಲ್ಲಿ ಯಾವಾಗಾದರೂ ಒಮ್ಮೆ ಒಸಡು ಭಾರ ಅನಿಸುತ್ತದೆ, ನೋವಿಲ್ಲ, ಏನಿರಬಹುದು ಅಂತ. ಕೂರಿ ಅಂಕಲ್ ಅಂದರು. ನನಗೆ 39 ವರ್ಷ, ಅಂಕಲ್ ಅಂದಿದ್ದು ಇವತ್ತಿಗೂ ಮರೆತಿಲ್ಲ. ಕನ್ನಡಿ ಹಾಕಿ ಎಣಿಸಿದರು. 'ಮೇಲೆ ಎರಡೂ ಅಕ್ಕಲದಾಡೆ ಇವೆ, ಕೆಳಗೆ ಎಡಗಡೆ ಇದೆ. ಬಲಗಡೆಯದು ತೆಗೆಸಿದ್ದೀರಾ?' ಇಲ್ಲ ಮೇಡಂ, ಅದು ಬಂದೇ ಇಲ್ಲ ಅಂದೆ.

'ಬಂದಿಲ್ಲ ಅಂದ್ರೆ ಎಲ್ಲಿದೆ?'

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕೆಲವರಿಗೆ ಅಕ್ಕಲದಾಡೆ ಹುಟ್ಟಿನಿಂದಲೇ ಇರುವುದಿಲ್ಲ, ಅದು ಸಹಜ. ಆದರೆ ಇಲ್ಲವೋ, ಒಳಗೆ ಹೂತುಕೊಂಡಿದೆಯೋ ಅನ್ನುವುದನ್ನು ಹೊರಗಿಂದ ನೋಡಿ ಹೇಳೋಕೆ ಆಗುವುದಿಲ್ಲ. ಎರಡು ವರ್ಷದ ಹಿಂದೆ ಅದೇ ಕಡೆ ಒಂದು ದವಡೆಹಲ್ಲಿಗೆ ಬೇರೊಂದು ಕ್ಲಿನಿಕ್ಕಿನಲ್ಲಿ ಫಿಲ್ಲಿಂಗ್ ಮಾಡಿಸಿದ್ದೆ, ಆಗ ಎಕ್ಸ್‌ರೇ ಕೂಡ ತೆಗೆದಿದ್ದರು. ಆದರೆ ಅದು ಬಾಯೊಳಗೆ ಇಡುವ ಪುಟ್ಟ ಫಿಲಂ, ಮೂರ್ನಾಲ್ಕು ಹಲ್ಲು ಕಾಣಿಸಿದರೆ ಹೆಚ್ಚು. ಹಿಂದಿನದು ಅದರಲ್ಲಿ ಬಂದಿರಲಿಲ್ಲ.

ಓಪಿಜಿಯಲ್ಲಿ ಬಂತು. ಅಕ್ಕಲದಾಡೆ ಅಡ್ಡಡ್ಡ ಮಲಗಿತ್ತು, ದವಡೆಯ ಕೆಳ ಅಂಚಿನ ಕಡೆಗೆ ತಳ್ಳಿಸಿಕೊಂಡು. ಅದರ ತಲೆಯ ಸುತ್ತ ದುಂಡಗೆ ಕಪ್ಪು, ಕಪ್ಪಿನ ಅಂಚಿಗೆ ಬಳೆಯ ಹಾಗೆ ಬಿಳಿ ಗೆರೆ. ಹುಟ್ಟದ ಹಲ್ಲಿನ ತಲೆಯ ಸುತ್ತ ಸ್ವಲ್ಪ ಕಪ್ಪು ಎಲ್ಲರಿಗೂ ಇರುತ್ತದೆ, ಅದು ಹಲ್ಲಿನ ಚೀಲ. ಮೂರು ಮಿಲಿಮೀಟರ್ ದಾಟಿದರೆ ಅನುಮಾನ ಪಡಬೇಕು. ನನ್ನದು ಅಡ್ಡಕ್ಕೆ ಅಳೆದರೆ ಎರಡೂವರೆ ಸೆಂಟಿಮೀಟರ್. ಪಕ್ಕದ ಹಲ್ಲಿನ ಬೇರಿನ ತುದಿಯನ್ನು ಒಂಚೂರು ತಿಂದುಹಾಕಿತ್ತು.

ಹೆಸರು ಡೆಂಟಿಜೆರಸ್ ಸಿಸ್ಟ್. ನಮ್ಮ ಊರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಅಟ್ಟದ ಮೇಲೆ ಕಾಯಿ ಹಾಕಿ ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡು ಗಿಟುಕಾಗುತ್ತದಲ್ಲ, ಇಲ್ಲಿ ಅದರ ಉಲ್ಟಾ. ಹಲ್ಲಿನ ತಲೆಗೂ ಅದರ ಚೀಲಕ್ಕೂ ನಡುವೆ ನೀರು ಸೇರಿಕೊಳ್ಳುತ್ತಾ ಹೋಗುತ್ತದೆ, ಚೀಲ ಉಬ್ಬುತ್ತದೆ, ಉಬ್ಬುವುದಕ್ಕೆ ಜಾಗ ಬೇಕಲ್ಲ, ಸುತ್ತಲಿನ ಮೂಳೆ ಕರಗಿ ಜಾಗ ಮಾಡಿಕೊಡುತ್ತದೆ. ಚೀಲ ಅಂಟಿಕೊಂಡಿರುವುದು ಹಲ್ಲಿನ ಕುತ್ತಿಗೆಗೆ, ತಲೆ ಪೂರ್ತಿ ಒಳಗೆ. ಕೆಳಗಿನ ಅಕ್ಕಲದಾಡೆ ಮತ್ತು ಮೇಲಿನ ಕೋರೆಹಲ್ಲು, ಇವು ಜಾಸ್ತಿ ಸಿಕ್ಕಿಕೊಳ್ಳುವ ಹಲ್ಲುಗಳು, ಹಾಗಾಗಿ ಸಿಸ್ಟ್ ಕೂಡ ಅಲ್ಲೇ ಜಾಸ್ತಿ. ತೊಂದರೆ ಏನಂದ್ರೆ ನೋವಿರುವುದಿಲ್ಲ. ಕೀವಾದರೆ ನೋವು ಬರುತ್ತದೆ, ಇಲ್ಲಾಂದ್ರೆ ಮುಖ ಊದುವವರೆಗೆ, ಕೆಲವರಿಗೆ ದವಡೆ ತೆಳ್ಳಗಾಗಿ ಮುರಿಯುವವರೆಗೆ, ಗೊತ್ತೇ ಆಗುವುದಿಲ್ಲ. ನೋವಿಲ್ಲ ಅಂತ ನಾನು ನಿರಾಳವಾಗಿದ್ದೆ ನೋಡಿ!

ಇಲ್ಲಿ ಒಂದು ಅಡ್ಡದಾರಿ ಹಿಡಿದೆ, ಅದನ್ನೂ ಹೇಳಬೇಕು. ಬೆಂಗಳೂರಿಗೆ ಓಡಾಡೋದು ಯಾಕೆ ಅಂತ ಫಿಲಂ ತಗೊಂಡು ನಮ್ಮ ಕಡೆಯ ಒಂದು ದೊಡ್ಡ ಕ್ಲಿನಿಕ್ಕಿಗೆ ಹೋದೆ. ಏಸಿ ಇತ್ತು, ಕಾಯಬೇಕಾಗಿರಲಿಲ್ಲ, ಕಾಫಿ ಕೂಡ ಕೊಟ್ಟರು. ಹೊರಗಿಂದ ಸರ್ಜನ್ ಕರೆಸಿ ಒಂದೂವರೆ ಗಂಟೆಯಲ್ಲಿ ಹಲ್ಲೂ ಸಿಸ್ಟೂ ತೆಗೆದುಬಿಡೋಣ, 22 ಸಾವಿರ ಆಗುತ್ತೆ ಅಂದರು. ತೆಗೆದದ್ದನ್ನು ಬಯಾಪ್ಸಿಗೆ, ಅಂದ್ರೆ ಮೈಕ್ರೋಸ್ಕೋಪಿನಲ್ಲಿ ನೋಡುವ ಲ್ಯಾಬ್ ಪರೀಕ್ಷೆಗೆ, ಕಳಿಸ್ತೀರಾ ಅಂತ ಕೇಳಿದೆ, ಯಾಕಂದ್ರೆ ಕಾಲೇಜಿನ ಮೇಡಂ ಅದನ್ನು ಎರಡು ಸಲ ಒತ್ತಿ ಹೇಳಿದ್ದರು. 'ಅದೆಲ್ಲ ಏನೂ ಬೇಡ ಸಾರ್, ನೋಡಿದರೇ ಗೊತ್ತಾಗುತ್ತೆ' ಅಂದರು. ನಾನು ಕೊಬ್ಬರಿ ವ್ಯಾಪಾರದಲ್ಲಿ ಇರುವವನು. ಚಿಪ್ಪು ಒಡೆಯದೆ ಒಳಗಿನದು ಗೊತ್ತು ಅನ್ನುವವರನ್ನು ನಂಬಿ ಒಂದೆರಡು ಸಲ ಕೈ ಸುಟ್ಟುಕೊಂಡಿದ್ದೇನೆ. ಕಾಫಿ ಕುಡಿದು ಎದ್ದು ಬಂದೆ.

ಬಯಾಪ್ಸಿ ಯಾಕೆ ಬೇಕು ಅನ್ನುವುದು ನನಗೆ ಸರಿಯಾಗಿ ಅರ್ಥವಾಗಿದ್ದು ಕಾಲೇಜಿನ ಓರಲ್ ಸರ್ಜರಿ ವಿಭಾಗದಲ್ಲಿ. ಎಕ್ಸ್‌ರೇಯಲ್ಲಿ ಒಂದೇ ತರಹ ಕಾಣುವ ಮೂರು ಇವೆ. ಒಂದು ನನ್ನ ತರಹದ ಡೆಂಟಿಜೆರಸ್ ಸಿಸ್ಟ್, ಸರಿಯಾಗಿ ಸುಲಿದು ತೆಗೆದರೆ ಮತ್ತೆ ಬರುವುದು ಅಪರೂಪ. ಎರಡನೆಯದು ಕೆರಟೋಸಿಸ್ಟ್, ನೋಡೋಕೆ ಸಾಧು, ತೆಗೆದ ಮೇಲೂ ಮತ್ತೆ ಮತ್ತೆ ಬರುವ ಬುದ್ಧಿ. ಇದು ಸಿಸ್ಟೋ ಗಡ್ಡೆಯೋ ಅಂತ ದೊಡ್ಡ ಡಾಕ್ಟರುಗಳಿಗೇ ಗೊಂದಲ, ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗಡ್ಡೆಗಳ ಪಟ್ಟಿಗೆ ಸೇರಿಸಿತು, 2017ರಲ್ಲಿ ವಾಪಸ್ ಸಿಸ್ಟ್ ಪಟ್ಟಿಗೆ ತಂದಿತು. ಮೂರನೆಯದು ಅಮಿಲೋಬ್ಲಾಸ್ಟೋಮಾ, ಇದು ನಿಜವಾದ ಗಡ್ಡೆ, ದೂರ ಹರಡುವುದು ತೀರಾ ಕಡಿಮೆ, ಆದರೆ ಇರುವ ಜಾಗದಲ್ಲೇ ದವಡೆಯನ್ನು ತಿನ್ನುತ್ತಾ ಹೋಗುತ್ತದೆ, ಕೆಲವರಿಗೆ ದವಡೆಯ ತುಂಡನ್ನೇ ತೆಗೆಯಬೇಕಾಗುತ್ತದೆ. ಸಾದಾ ಸಿಸ್ಟಿನ ಗೋಡೆಯಲ್ಲೇ ಇದು ಶುರುವಾಗಿರುವುದೂ ಉಂಟು. ಹಾಗಾಗಿ ಚೀಲವನ್ನು ಮೈಕ್ರೋಸ್ಕೋಪಿನಲ್ಲಿ ನೋಡದೆ ಯಾರೂ ಖಚಿತವಾಗಿ ಹೇಳುವ ಹಾಗಿಲ್ಲ. ನೋಡಿದರೇ ಗೊತ್ತಾಗುತ್ತೆ ಅಂದ ಪುಣ್ಯಾತ್ಮರಿಗೆ ನಮಸ್ಕಾರ.

ಹುಡುಗನ ಆಪರೇಷನ್ ಮೊದಲು ಆಯಿತು. ಬರೀ ಲೋಕಲ್ ಇಂಜೆಕ್ಷನ್. ಅಂಗುಳಿಗೆ ಚುಚ್ಚುವಾಗ ಅತ್ತ, ಆಮೇಲೆ ಅಳಲಿಲ್ಲ. ಹಾಲುಹಲ್ಲು ಕಿತ್ತು, ಒಸಡು ಬಿಡಿಸಿ, ತೆಳು ಮೂಳೆ ತೆಗೆದು, ಒಂದೊಂದೇ ಚೂರು ಎತ್ತಿ ಬಟ್ಟೆಯ ಮೇಲೆ ಇಟ್ಟರು. ಮುಕ್ಕಾಲು ಗಂಟೆ. ಕೆಲವು ಅಕ್ಕಿ ನುಚ್ಚಿನಷ್ಟು, ಕೆಲವಕ್ಕೆ ನಿಜವಾಗಲೂ ತಲೆ, ಮೊನೆ, ಬೇರು ಎಲ್ಲ ಇತ್ತು, ಗೊಂಬೆಗೆ ಕಟ್ಟಿಸಿದ ಹಲ್ಲುಸೆಟ್ಟಿನ ಹಾಗೆ. ಒಳಗಿನ ದೊಡ್ಡ ಹಲ್ಲಿಗೆ ಒಂದು ಗುಂಡಿ ಅಂಟಿಸಿ ಅದಕ್ಕೆ ಕೂದಲೆಳೆಯಂಥ ಚೈನು ಕಟ್ಟಿ, ಚೈನಿನ ತುದಿ ಹೊರಗೆ ಬಿಟ್ಟು ಹೊಲಿದರು. ಹಲ್ಲಿಗೆ ಕ್ಲಿಪ್ ಹಾಕುವ ವಿಭಾಗದವರು ಆಮೇಲೆ ಅದನ್ನು ಹಿಡಿದು ನಿಧಾನಕ್ಕೆ ಕೆಳಗೆ ಎಳೆಯುತ್ತಾರೆ. ಎಲ್ಲ ಮುಗಿದ ಮೇಲೆ ಎಣಿಸಿದರು. ಹದಿನೇಳು.

'ಬರೀ ಹದಿನೇಳಾ?' ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೇಳಿದ. ಚೆನ್ನೈ ಹುಡುಗನ ಮುಂದೆ ಮಾನ ಹೋಯಿತು ಅನ್ನುವ ಮುಖ.

ನನ್ನದು ಮೂರು ವಾರ ಆದ ಮೇಲೆ. ಅದಕ್ಕೆ ಮೊದಲು ಸಿಬಿಸಿಟಿ ಅಂತ ಇನ್ನೊಂದು ಸ್ಕ್ಯಾನ್ ಆಯಿತು, ಕೆಳದವಡೆಯೊಳಗೆ ಹೋಗುವ ನರ ಹಲ್ಲಿಗೆ ಎಷ್ಟು ಹತ್ತಿರ ಇದೆ ಅಂತ ನೋಡೋಕೆ. ತುಂಬಾ ಹತ್ತಿರ ಇತ್ತು. ಆಪರೇಷನ್ ಮಾಡಿದ್ದು ಪಿಜಿ ಹುಡುಗ, ಪಕ್ಕದಲ್ಲಿ ಪ್ರೊಫೆಸರ್, ಸುತ್ತ ಎಂಟು ಜನ ಸ್ಟೂಡೆಂಟ್ಸ್. ನನ್ನ ಬಾಯಿ ಅವತ್ತು ಕ್ಲಾಸ್‌ರೂಮು. ಇದು ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ನನಗೂ ಮೊದಲು ಮುಜುಗರವಾಯಿತು, ಆಮೇಲೆ ಅದರ ಲಾಭ ಗೊತ್ತಾಯಿತು, ಯಾಕಂದ್ರೆ ಪ್ರೊಫೆಸರ್ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಲೇಬೇಕಿತ್ತು, ನನಗೂ ಕೇಳಿಸುತ್ತಿತ್ತು. ಮೊದಲು ಸೂಜಿ ಹಾಕಿ ಎಳೆದರು. ಸಿರಿಂಜಿಗೆ ಬಂದಿದ್ದು ಹುಲ್ಲಿನ ಬಣ್ಣದ ತಿಳಿನೀರು. ಒಳ್ಳೆಯ ಲಕ್ಷಣ ಅಂದರು, ಕೆರಟೋಸಿಸ್ಟ್ ಆಗಿದ್ದರೆ ಗಟ್ಟಿ ಬಿಳಿ ಪದಾರ್ಥ ಬರುತ್ತಿತ್ತಂತೆ. ಆಮೇಲೆ ಒಸಡು ಬಿಡಿಸಿ, ಡ್ರಿಲ್ಲಿನಿಂದ ಮೂಳೆ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದರು. ಚೀಲವನ್ನು ಹರಿಯದ ಹಾಗೆ ಇಡಿಯಾಗಿ ಸುಲಿದು ತೆಗೆಯೋಕೇ ಅರ್ಧ ಗಂಟೆ ಹಿಡಿಯಿತು. ಒಟ್ಟು ಒಂದು ಗಂಟೆ ನಲವತ್ತು ನಿಮಿಷ. ನೋವಾಗಲಿಲ್ಲ, ಆದರೆ ಬಾಯಿ ತೆರೆದುಕೊಂಡೇ ಇದ್ದು ಕೆನ್ನೆಯ ಕೀಲು ಸತ್ತುಹೋಗಿತ್ತು. ಚೀಲ ಕೆಡದ ಹಾಗೆ ಇಡುವ ಫಾರ್ಮಲಿನ್ ಬಾಟಲಿಗೆ ಹೋಯಿತು, ಬಾಟಲಿಯ ಮೇಲೆ ನನ್ನ ಹೆಸರು, ಚೀಟಿ ನಂಬರ್ ಬರೆದು ನನಗೇ ಓದಿಸಿ ತೋರಿಸಿದರು. ಈ ಒಂದು ಕೆಲಸಕ್ಕೆ ಅರ್ಧ ಸ್ಟಾರ್ ಜಾಸ್ತಿ.

ಒಂದು ವಾರ ರಾಗಿ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ. ಮೊದಲ ದಿನ ಬಾಯಿ ಮುಕ್ಕಳಿಸುವ ಹಾಗಿಲ್ಲ, ಉಗುಳುವ ಹಾಗಿಲ್ಲ, ಸ್ಟ್ರಾ ಹಾಕಿ ಏನೂ ಕುಡಿಯುವ ಹಾಗಿಲ್ಲ, ಎಳೆತಕ್ಕೆ ಗಾಯದ ಮೇಲಿನ ಹೆಪ್ಪು ಕಿತ್ತು ಬರುತ್ತದೆ. ತೋಟ ಇಟ್ಟುಕೊಂಡವನು ಎಳನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ. ಏಳನೇ ದಿನ ಹೊಲಿಗೆ ಬಿಚ್ಚಿದರು.

ಕೆಳತುಟಿಯ ಬಲ ಅರ್ಧ ಮತ್ತು ಗಲ್ಲ ಮರಗಟ್ಟಿ ಹೋಗಿತ್ತು. ಇದು ನನ್ನ ದೊಡ್ಡ ತಕರಾರು. ಮರಗಟ್ಟಿದ್ದಕ್ಕೆ ಅಲ್ಲ, ನರ ಅಷ್ಟು ಹತ್ತಿರ ಇದ್ದಾಗ ಅದು ಆಗಬಹುದಾದದ್ದೇ. ಅದನ್ನು ನನಗೆ ಹೇಳಿದ ರೀತಿಗೆ. ಸಹಿ ಹಾಕಿಸಿಕೊಂಡ ಫಾರಂ ಪೂರ್ತಿ ಇಂಗ್ಲಿಷಿನಲ್ಲಿ ಇತ್ತು, ಎರಡು ಪುಟ, ಸಣ್ಣ ಅಕ್ಷರ, ಚೇರಿನಲ್ಲಿ ಕೂತ ಮೇಲೆ ಕೈಗೆ ಕೊಟ್ಟರು. 'ಇಲ್ಲಿ ಸೈನ್ ಮಾಡಿ, ತುಟಿ ಸ್ವಲ್ಪ ದಿನ ಜೋಮು ಹಿಡಿಯಬಹುದು' ಅಂತ ಒಂದು ಮಾತಿನಲ್ಲಿ ಮುಗಿಸಿದರು. ಸ್ವಲ್ಪ ದಿನ ಅಂದ್ರೆ ಎಷ್ಟು ದಿನ? ಆರು ವಾರ ಶೇವಿಂಗ್ ಮಾಡುವಾಗ ಕೊಯ್ದುಕೊಂಡರೂ ಗೊತ್ತಾಗುತ್ತಿರಲಿಲ್ಲ, ರಕ್ತ ಕಂಡ ಮೇಲೆ ತಿಳಿಯುತ್ತಿತ್ತು. ಕಾಫಿ ಗಲ್ಲದ ಮೇಲೆ ಇಳಿದರೆ ಹೆಂಡತಿ ಹೇಳಬೇಕಿತ್ತು. ಆಮೇಲೆ ಇರುವೆ ಹರಿದ ಹಾಗೆ ಶುರುವಾಗಿ ಮೂರು ತಿಂಗಳಿಗೆ ಪೂರ್ತಿ ಸರಿಹೋಯಿತು. ಕೆಲವರಿಗೆ ಹೆಚ್ಚು ಕಾಲ ಹಿಡಿಯುತ್ತದೆ, ಅಪರೂಪಕ್ಕೆ ಹಾಗೇ ಉಳಿಯುವುದೂ ಇದೆಯಂತೆ. ಇದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಹಿಂದಿನ ಭೇಟಿಯಲ್ಲೇ ಮನೆಗೆ ಕೊಟ್ಟು ಕಳಿಸಿದ್ದರೆ ಓದಿಕೊಂಡು ಬರುತ್ತಿದ್ದೆ. ಬರುವವರಲ್ಲಿ ಮುಕ್ಕಾಲು ಜನ ಕನ್ನಡ ಮಾತ್ರ ಓದುವವರು. ಇಡೀ ಒಂದು ಸ್ಟಾರ್ ಕಿತ್ತುಕೊಂಡಿದ್ದು ಇದಕ್ಕೆ.

ಉಳಿದ ಅರ್ಧ ಸ್ಟಾರ್ ಹೋಗಿದ್ದು ಸಣ್ಣಪುಟ್ಟದಕ್ಕೆ. ಫೋನ್ ಎತ್ತುವುದಿಲ್ಲ, ಒಂದು ಸಲವೂ ಎತ್ತಿಲ್ಲ. ಬಿಲ್ ಕೌಂಟರ್ ಮಧ್ಯಾಹ್ನ ಒಂದರಿಂದ ಎರಡು ಬಂದ್, ಸರ್ಜರಿ ವಿಭಾಗದವರು ಬಿಲ್ ಕಟ್ಟಿ ಬನ್ನಿ ಅನ್ನುವುದು ಸರಿಯಾಗಿ ಒಂದು ಗಂಟೆಗೆ. ಪರೀಕ್ಷೆ ರಜೆ ಬಂದರೆ ಅರ್ಧ ಡಾಕ್ಟರುಗಳು ಇರುವುದಿಲ್ಲ, ಅದನ್ನು ಮೊದಲೇ ಹೇಳುವುದೂ ಇಲ್ಲ, ನಾವು ಒಂದು ಸಲ ಸುಮ್ನೆ ಹೋಗಿ ಬಂದೆವು. ಎರಡನೇ ಮಹಡಿಯ ಟಾಯ್ಲೆಟ್ ಬಗ್ಗೆ ಬರೆಯದೇ ಇರುವುದು ಒಳ್ಳೆಯದು. ಕ್ಯಾಂಟೀನಿನ ಚಿತ್ರಾನ್ನ ಪರವಾಗಿಲ್ಲ.

ದುಡ್ಡಿನ ವಿಷಯ. ನನಗೆ ಓಪಿಜಿ, ಸ್ಕ್ಯಾನ್, ಆಪರೇಷನ್, ಬಯಾಪ್ಸಿ, ಔಷಧಿ ಎಲ್ಲ ಸೇರಿ 7,800 ರೂಪಾಯಿ. ಹುಡುಗನಿಗೆ ಆಪರೇಷನ್‌ವರೆಗೆ ನಾಲ್ಕು ಸಾವಿರ ದಾಟಲಿಲ್ಲ, ಕ್ಲಿಪ್ಪಿನದು ಬೇರೆ. ರೈಲು, ಆಟೋ, ಅಂಗಡಿ ಮುಚ್ಚಿದ ದಿನಗಳನ್ನು ಸೇರಿಸಿದರೂ ಕ್ಲಿನಿಕ್ಕಿನವರು ಹೇಳಿದ್ದಕ್ಕಿಂತ ಕಡಿಮೆ. ಆದರೆ ದಿನಗೂಲಿಯವರಿಗೆ ಒಂಬತ್ತು ದಿನ ಕಳೆದುಕೊಳ್ಳುವುದು ಅಂದ್ರೆ ಲೆಕ್ಕ ಬೇರೆಯಾಗುತ್ತದೆ, ಅದನ್ನು ನೋಡಿಕೊಂಡು ನಿರ್ಧಾರ ಮಾಡಿ.

ಹೊಲಿಗೆ ಬಿಚ್ಚಿಸುವ ದಿನ ಪಕ್ಕದ ಚೇರಿನಲ್ಲಿ ಕೋಲಾರದ ಕಡೆಯ ಒಬ್ಬ ಹುಡುಗ ಇದ್ದ, ಇಪ್ಪತ್ತು ವರ್ಷ ಇರಬೇಕು. ಅವನಿಗೂ ನನ್ನ ತರಹದ್ದೇ ಸಿಸ್ಟ್, ಆದರೆ ಅರ್ಧ ದವಡೆಯಷ್ಟು. ಒಂದೇ ಸಲಕ್ಕೆ ತೆಗೆದರೆ ದವಡೆ ಮುರಿಯುವ ಭಯ. ಅದಕ್ಕೆ ಸಿಸ್ಟಿಗೆ ಬಾಯೊಳಗಿಂದ ಒಂದು ಕಿಟಕಿ ಕೊಯ್ದು ಬಿಟ್ಟಿದ್ದರು. ನೀರು ಹೊರಗೆ ಹೋಗುತ್ತಿದ್ದರೆ ಒತ್ತಡ ಇಳಿದು ಸಿಸ್ಟ್ ತಾನೇ ಕುಗ್ಗುತ್ತದೆ, ಮೂಳೆ ತುಂಬಿಕೊಳ್ಳುತ್ತದೆ, ಆಮೇಲೆ ಉಳಿದದ್ದನ್ನು ತೆಗೆಯುತ್ತಾರೆ. 1892ರಲ್ಲಿ ಪಾರ್ಚ್ ಅನ್ನುವ ಜರ್ಮನ್ ಡಾಕ್ಟರ್ ಹೇಳಿಕೊಟ್ಟ ಉಪಾಯವಂತೆ, ಇವತ್ತಿಗೂ ನಡೆಯುತ್ತಿದೆ. ಆ ಹುಡುಗ ನಾಲ್ಕು ತಿಂಗಳಿಂದ ದಿನಾ ಸಿರಿಂಜಿನಲ್ಲಿ ಉಪ್ಪುನೀರು ಹಾಕಿ ಆ ತೂತನ್ನು ತೊಳೆದುಕೊಳ್ಳುತ್ತಿದ್ದ. ಊಟದ ಅಗುಳು ಒಳಗೆ ಹೋಗದ ಹಾಗೆ ಒಂದು ಪ್ಲಾಸ್ಟಿಕ್ ಬಿರಡೆ ಮಾಡಿಕೊಟ್ಟಿದ್ದರು, ತೆಗೆದು ತೋರಿಸಿದ. ಎರಡೂವರೆ ಸೆಂಟಿಮೀಟರಿಗೆ ಅಷ್ಟು ಗೋಳಾಡಿದ ನಾನು ಅಲ್ಲಿ ಬಾಯಿ ಮುಚ್ಚಿಕೊಂಡೆ.

ನನ್ನ ರಿಪೋರ್ಟ್ ಹತ್ತು ದಿನಕ್ಕೆ ಬಂತು. ಎರಡು ಮೂರು ಪದರದ ತೆಳು ಒಳಪೊರೆ, ಕೆರಟಿನ್ ಇಲ್ಲ (ಅಂದ್ರೆ ಕೆರಟೋಸಿಸ್ಟ್ ಅಲ್ಲ), ಡೆಂಟಿಜೆರಸ್ ಸಿಸ್ಟ್, ಬೇರೆ ಏನೂ ಇಲ್ಲ. ಹುಡುಗನದು ತಡವಾಯಿತು, ಮೂರು ವಾರ. ಗಟ್ಟಿ ಹಲ್ಲಾದ್ದರಿಂದ ಮೊದಲು ಆಸಿಡ್‌ನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು ಆಮೇಲೆ ಕೊಯ್ಯಬೇಕಂತೆ. ಆರು ತಿಂಗಳಿಗೆ ನಾನು ಇನ್ನೊಂದು ಓಪಿಜಿ ತೆಗೆಸಿದೆ, ಕಪ್ಪು ಇದ್ದ ಕಡೆ ಬೂದಿ ಬಣ್ಣಕ್ಕೆ ತಿರುಗಿದೆ, ಮೂಳೆ ತುಂಬಿಕೊಳ್ಳುತ್ತಿದೆ. ಬೇರು ತಿಂದಿದ್ದ ಪಕ್ಕದ ಹಲ್ಲು ಸದ್ಯಕ್ಕೆ ಜೀವಂತ ಇದೆ, ಮುಂದೆ ರೂಟ್ ಕೆನಾಲ್ ಬೇಕಾಗಬಹುದು. ಹುಡುಗನ ಹಲ್ಲು ಅರ್ಧ ಇಳಿದಿದೆ.

ಅಂದ ಹಾಗೆ, ಅವನ ಹಾಲುಹಲ್ಲನ್ನು ಅವತ್ತೇ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ನಮ್ಮಮ್ಮ ಸಗಣಿ ರೆಡಿ ಇಟ್ಟುಕೊಂಡಿದ್ದಳು. ನಮ್ಮ ಮನೆ ಈಗ ಆರ್‌ಸಿಸಿ, ಹೆಂಚು ಇಲ್ಲ, ಪಕ್ಕದ ಮನೆಯ ದನದ ಕೊಟ್ಟಿಗೆಯ ಮೇಲೆ ಎಸೆದರು. ಉಳಿದ ಹದಿನೇಳು ಎಲ್ಲಿ ಅಂತ ಅವಳು ಕೇಳುತ್ತಲೇ ಇದ್ದಳು. ಮುಂದಿನ ಸಲ ಹೋದಾಗ ಹುಡುಗ ನೇರವಾಗಿ ಲ್ಯಾಬಿಗೆ ಹೋಗಿ 'ನನ್ನ ಹಲ್ಲು ವಾಪಸ್ ಕೊಡಿ' ಅಂದ. ಅಲ್ಲಿದ್ದ ಮೇಡಂ ಬೈಯಲಿಲ್ಲ, ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೈಕ್ರೋಸ್ಕೋಪಿನಲ್ಲಿ ಸ್ಲೈಡ್ ತೋರಿಸಿದರು. ಗುಲಾಬಿ ಬಣ್ಣದ ಪಟ್ಟೆ ಪಟ್ಟೆ. ಅವನು ಮನೆಗೆ ಬಂದು ಹೇಳಿದ, 'ಅಜ್ಜಿ, ಹಲ್ಲನ್ನೆಲ್ಲ ಮೆತ್ತಗೆ ಮಾಡಿ ಗಾಜಿನ ಮೇಲೆ ಹಚ್ಚಿದ್ದಾರೆ.'

'ಗಾಜನ್ನಾದರೂ ತರೋದಲ್ವೇನೋ' ಅಂದಳು ನಮ್ಮಮ್ಮ.